ಸಂತೆಕಲ್ಲೂರಿನ ಹೂತುಹೋದ ಕೆರೆ

ಮಿತ್ರರೇ, ಇಂದು ಸಂತೆಕಲ್ಲೂರಿನಲ್ಲಿ ಹೂತುಹೋಗಿದ್ದ ಕೆರೆಯೊಂದು ಸಿಕ್ಕಿತು; ಕೈಯ ಕೆಸರು ತೊಳೆದವನೇ ಬರೆಯಲು ಕುಳಿತೆ.

ಕುಡಿಯುವ ನೀರಿನ ಬಾವಿಗೆ ನಿಜಾಮ ಸರಕಾರದ ಮಂಜೂರಾತಿ ಬಂದಿತ್ತು. ಇಂದು ನೀರಿನ ಜಾಡು ತೋರಿಸದಿದ್ದರೆ ಅದು ಬೇರೆ ಊರಿನ ಪಾಲಾಗುತ್ತಿತ್ತು. ಅಜ್ಜಂದಿರ ಕಾಲದ ನಕ್ಷೆಯಲ್ಲಿ ಗುಡಿಯ ಎಡಕ್ಕೆ ಜೊಂಡು ಬೆಳೆದ ಕೆರೆಯಿತ್ತು. ಅದನ್ನು ನಂಬಿ ಊರಿನ ಓದುಬಲ್ಲವರೆಲ್ಲ ಸೇರಿ ಗುಡಿಯ ಪಡುವಣಕ್ಕೆ ಮೂರು ದಿನ ಅಗೆದಿದ್ದೆವು. ಸಿಕ್ಕಿದ್ದು ಬರಿಯ ಗರಸು ಮಣ್ಣು.

“ನಕ್ಷಾನೇ ಗಲತ್ ಅದ, ಬಂದ್ ಮಾಡ್ರಿ” ಎಂದರು ಊರಿನ ಜಮೀನಿನ ಲೆಕ್ಕ ಬರೆಯುವ ಪಟವಾರಿಗಳು.

ಕುರಿ ಕಾಯುವ ನಿಂಗಮ್ಮ ನಕ್ಷೆಯೊಳಗೆ ಇಣುಕಿದಳು.

“ಓದಾಕ ಬರ್ತದೇನ್ ಬೇ ನಿನಗ?” ಎಂದು ಪಟವಾರಿಗಳು ನಕ್ಕರು.

“ಇಲ್ರೀ. ಆದ್ರ ಈ ಮ್ಯಾಲ ಬರದಿದ್ದು ಗುಡ್ಡ ಅಲ್ಲೇನ್ರಿ? ನಮ್ಮ ಗುಡ್ಡ ಹೊತ್ತು ಹುಟ್ಟೋ ಕಡಿ ಐತಿ. ನೀವು ಅದನ್ನ ಬಡಗಣಕ್ಕ ಮಾಡಿ ಹಿಡಿದೀರಿ.”

ನಕ್ಷೆ ಬರೆದವರು ಮೂಡಣವನ್ನೇ ಮೇಲಿಟ್ಟಿದ್ದರು. ಹಾಗಾದರೆ ಎಡಕ್ಕಿರುವುದು ಬಡಗಣ. ಎಲ್ಲರೂ ಅತ್ತ ಓಡಿದೆವು. ಎದೆಮಟ್ಟ ಅಗೆಯುವಷ್ಟರಲ್ಲಿ ಕಪ್ಪು ಹೂಳು, ಅದರೊಳಗೆ ಬಸವನಹುಳುವಿನ ಚಿಪ್ಪುಗಳು, ಬಳಿಕ ಒಸರುವ ನೀರು.

ಪಟವಾರಿಗಳು ಬಾವಿಯ ಗುರುತುಕಲ್ಲು ನೆಡಿಸಿ, “ನಕ್ಷಾ ಬರಾಬ್ಬರಿನೇ ಅದ” ಎಂದರು. ನಾಲ್ಕು ಲಿಪಿ ಬಲ್ಲ ನಮ್ಮಲ್ಲಿ ಒಬ್ಬರಿಗೂ ಮೂರು ದಿನ ತಲೆಯೆತ್ತಿ ಗುಡ್ಡವನ್ನು ನೋಡಬೇಕೆನಿಸಿರಲಿಲ್ಲ.