ಕೈ ತೆಗೆದರೂ ನಿಲ್ಲದ ಬೇಸ್

ಕೋವಿಡ್ ಮುಗಿದು ಮದುವೆ ಹಾಲ್‌ಗಳು ಮತ್ತೆ ತುಂಬತೊಡಗಿ ಮೂರನೆಯ ವರ್ಷ. ಬಲ್ಮಠದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ನನ್ನ ಕ್ಲಿನಿಕ್ ಇತ್ತು, ಈಗಲೂ ಇದೆ. ನಾನು ಆಡಿಯಾಲಜಿಸ್ಟ್. ಎಂದರೆ ಕಿವಿಗೆ ಔಷಧಿ ಕೊಡುವವಳಲ್ಲ. ಯಾರಿಗೆ ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ ಎಂದು ಅಳೆದು, ಬೇಕಾದವರಿಗೆ ಶ್ರವಣಯಂತ್ರ ಹೊಂದಿಸಿ ಕೊಡುವವಳು. ಬಂದವರೆಲ್ಲ ನನ್ನನ್ನು ಡಾಕ್ಟರೆಂದೇ ಕರೆಯುತ್ತಾರೆ. ತಿದ್ದಿ ತಿದ್ದಿ ಸುಸ್ತಾಗಿ ಈಗ ಸುಮ್ಮನಿದ್ದುಬಿಟ್ಟಿದ್ದೇನೆ.

ಒಂದು ಬೆಳಿಗ್ಗೆ ಶಕ್ತಿನಗರದಿಂದ ಸುಜಾತ ಎಂಬ ಶಾಲಾ ಶಿಕ್ಷಕಿ ತಮ್ಮ ತಂದೆಯನ್ನು ಕರೆತಂದರು. ಎಪ್ಪತ್ತರ ಆಸುಪಾಸಿನ, ಎತ್ತರದ, ಸ್ವಲ್ಪ ಬಗ್ಗಿ ನಡೆಯುವ ಮನುಷ್ಯ. ಬಾಗಿಲಲ್ಲಿ ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ನಿಜ ಹೆಸರು ಹೇಳುವ ಹಾಗಿಲ್ಲ. ಇಲ್ಲಿ ವಾಸಣ್ಣ ಎಂದು ಕರೆಯುತ್ತೇನೆ, ಉಳಿದವರ ಹೆಸರೂ ಬದಲಿಸಿದ್ದೇನೆ.

ನನ್ನ ಬಾಪ್ಪನಿಗೆ, ಎಂದರೆ ಅಪ್ಪನಿಗೆ, ಹಂಪನಕಟ್ಟೆಯಲ್ಲಿ ಬಟ್ಟೆ ಅಂಗಡಿ ಇತ್ತು. ಶಾಲೆ ಬಿಟ್ಟ ಮೇಲೆ ನಾನೂ ತಮ್ಮನೂ ಅಲ್ಲೇ ಕುಳಿತು ಹೋಂವರ್ಕ್ ಮಾಡುತ್ತಿದ್ದೆವು. ಅಂಗಡಿಯ ನೇರ ಮೇಲಿನ ಕೋಣೆಯಲ್ಲಿ ಒಂದು ಆರ್ಕೆಸ್ಟ್ರಾದವರು ಪ್ರಾಕ್ಟೀಸ್ ಮಾಡುತ್ತಿದ್ದರು. ಹಾಡು ಕೆಳಗೆ ಬರುತ್ತಿರಲಿಲ್ಲ, ಕೀಬೋರ್ಡ್ ಬರುತ್ತಿರಲಿಲ್ಲ. ಸ್ಲ್ಯಾಬ್ ದಾಟಿ ಬರುತ್ತಿದ್ದದ್ದು ಬೇಸ್ ಗಿಟಾರ್ ಒಂದೇ. ನಾಲ್ಕು ದಪ್ಪ ತಂತಿಗಳ ಆ ವಾದ್ಯದ ಗುಮ್ ಎನ್ನುವ ದನಿಗೆ ನಮ್ಮ ಗಾಜಿನ ಕಪಾಟು ಸಣ್ಣಗೆ ನಡುಗುತ್ತಿತ್ತು. ಬಾಪ್ಪ ಸೀರೆ ಮಡಚುತ್ತಾ ಗೊಣಗುತ್ತಿದ್ದರು. ನಾವಿಬ್ಬರೂ ಬರೀ ಬೇಸ್ ಕೇಳಿ ಅದು ಯಾವ ಹಾಡೆಂದು ಪಂಥ ಕಟ್ಟುತ್ತಿದ್ದೆವು. ಹಾಗಾಗಿ ಬೇರೆ ಮಕ್ಕಳು ಗಾಯಕರಿಗೆ ಮರುಳಾದ ವಯಸ್ಸಿನಲ್ಲಿ ನಾನು ಮರುಳಾದದ್ದು ಬೇಸ್ ಬಾರಿಸುವವರಿಗೆ. ಉದ್ದದ ಕಪ್ಪು ಪೆಟ್ಟಿಗೆ ಹೊತ್ತು, ತಲೆ ಬಗ್ಗಿಸಿ ಮೆಟ್ಟಿಲಿಳಿದು ಬರುತ್ತಿದ್ದ ಅವರನ್ನು ಎಷ್ಟೋ ಸಲ ನೋಡಿದ್ದೆ. ಮಾತಾಡಿಸುವ ಧೈರ್ಯ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಆರ್ಕೆಸ್ಟ್ರಾ ಎಂದರೆ ಅಷ್ಟಕ್ಕಷ್ಟೇ.

ಆ ವಾಸಣ್ಣ ಈಗ ನನ್ನೆದುರಿನ ಕುರ್ಚಿಯಲ್ಲಿ ಕುಳಿತಿದ್ದರು. ಅಂಗಡಿಯ ಗುರುತು ಹೇಳಿದೆ.

“ಹಮೀದ್ ಬ್ಯಾರಿಗಳ ಮಗಳಾ ನೀವು?” ಅವರ ಮುಖ ಅರಳಿತು. “ನಮ್ಮ ಶಬ್ದಕ್ಕೆ ನಿಮ್ಮ ಅಪ್ಪ ಒಂದು ದಿನ ಕೋಲಿನಲ್ಲಿ ಮೇಲೆ ಕುಟ್ಟಿದ್ರು, ನೆನಪುಂಟಾ?”

ನಮ್ಮ ಮಾತು ಅಂದು ತುಳುವಿನಲ್ಲೇ ಹೆಚ್ಚು ನಡೆಯಿತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತೊಂದರೆ ಏನೆಂದು ಹೇಳಿದ್ದು ಮಗಳು. ಅಪ್ಪನಿಗೆ ಆಗಾಗ ತಲೆ ತಿರುಗುತ್ತದೆ, ಕಿವಿಯೊಳಗೆ ಸಮುದ್ರ ಮೊರೆದ ಹಾಗೆ ಆಗುತ್ತದೆ.

“ಸಮುದ್ರದ ಶಬ್ದ ನಮ್ಮ ಮನೆಯದ್ದೇ ಅಲ್ವಾ. ಅಜ್ಜನ ಕಾಲದಿಂದ ಬಲೆ ಹಾಕಿದವರು ನಾವು. ಅದು ಇರ್ಲಿ, ಬೇಸ್ ಯಾಕೋ ಸಪ್ಪೆ ಕೇಳ್ತದೆ. ಅದೊಂದು ಸರಿ ಮಾಡಿ ಕೊಡಿ,” ಎಂದರು ವಾಸಣ್ಣ.

ಶಬ್ದ ಒಳಬಾರದ ಸಣ್ಣ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ ಪರೀಕ್ಷೆ ಶುರುಮಾಡಿದೆ. ವಯಸ್ಸಾದವರಿಗೆ ಸಾಮಾನ್ಯವಾಗಿ ಮೊದಲು ಹೋಗುವುದು ಎತ್ತರದ ಸ್ವರಗಳು: ಹಕ್ಕಿಯ ಕೂಗು, ಕುಕ್ಕರಿನ ಸೀಟಿ. ವಾಸಣ್ಣನ ಗ್ರಾಫ್ ತಲೆಕೆಳಗಾಗಿತ್ತು. ಎತ್ತರದ ನಾಲ್ಕು ಸಾವಿರ ಹರ್ಟ್ಸ್‌ನಲ್ಲಿ ಅವರ ಕಿವಿ ಹೆಚ್ಚುಕಡಿಮೆ ಚೆನ್ನಾಗಿಯೇ ಇತ್ತು. ಕೆಳಗಿನ ಇನ್ನೂರೈವತ್ತು ಹರ್ಟ್ಸ್‌ನಲ್ಲಿ ಅರವತ್ತೈದು ಡೆಸಿಬೆಲ್‌ವರೆಗೆ ಏರಿಸಿದರೂ ಕಷ್ಟದಲ್ಲಿ ಕೈ ಎತ್ತಿದರು. ಒಳ್ಳೆಯ ಕಿವಿಗೆ ಇಪ್ಪತ್ತೈದರೊಳಗೆ ಕೇಳಿಸಬೇಕು. ಬೇಸ್ ಗಿಟಾರಿನ ಅತಿ ದಪ್ಪ ತಂತಿ ನುಡಿಯುವುದು ನಲವತ್ತೊಂದು ಹರ್ಟ್ಸ್‌ನಲ್ಲಿ, ನನ್ನ ಯಂತ್ರ ಇಳಿಯಲಾರದಷ್ಟು ಕೆಳಗೆ. ಜನರ ಮಾತು ಸಾಕಷ್ಟು ತಿಳಿಯುತ್ತಿದ್ದುದರಿಂದ ಕಿವಿ ಕೆಟ್ಟಿದೆ ಎಂದು ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ. ಬದುಕೆಲ್ಲ ನಂಬಿಕೊಂಡು ಬಂದ ಆ ಒಂದು ಭಾಗವೇ ಅವರ ಕಿವಿಯಿಂದ ಹೋಗಿತ್ತು.

ಇನ್ನೊಂದು ಪರೀಕ್ಷೆ ಉಳಿದಿತ್ತು. ಒಂದೇ ಸ್ವರವನ್ನು ಒಮ್ಮೆ ಎಡಕಿವಿಗೆ, ಒಮ್ಮೆ ಬಲಕಿವಿಗೆ ಕೊಟ್ಟೆ.

“ಇದು ಬೇರೆ ಸ್ವರ,” ಎಂದರು.

“ಎರಡೂ ಒಂದೇ, ವಾಸಣ್ಣ.”

“ಹಾಗಾದ್ರೆ ನಿಮ್ಮ ಮೆಷಿನ್ ಶ್ರುತಿ ತಪ್ಪಿದೆ ಮಾರಾಯ್ರೇ,” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಒಂದೇ ಸ್ವರ ಎರಡು ಕಿವಿಗೆ ಎರಡಾಗಿ ಕೇಳಿಸುವುದನ್ನು ನಾವು ಡಿಪ್ಲಕ್ಯೂಸಿಸ್ ಎನ್ನುತ್ತೇವೆ. ಶ್ರವಣಯಂತ್ರ ಸದ್ದನ್ನು ಜೋರು ಮಾಡೀತು, ಇದನ್ನು ಸರಿಪಡಿಸದು.

ನಾನು ಕಳಿಸಿದ ಇಎನ್‌ಟಿ ತಜ್ಞರು ಮೆನಿಯರ್ಸ್ ಕಾಯಿಲೆ ಎಂದರು. ಒಳಕಿವಿಯ ದ್ರವದ ಒತ್ತಡ ಏರುಪೇರಾಗುವ ಕಾಯಿಲೆ ಅದು. ಮಾತ್ರೆ ಕೊಟ್ಟರು, ಉಪ್ಪು ಕಡಿಮೆ ಮಾಡಿಸಿದರು. “ಒಣಮೀನು ಬಿಡ್ಬೇಕಂತೆ. ಅದಕ್ಕಿಂತ ಕಿವಿ ಬಿಡುವುದು ಸುಲಭ,” ಎಂದು ವಾಸಣ್ಣ ನನ್ನಲ್ಲಿ ದೂರಿದರು. ಕಿವಿಯ ಅಚ್ಚು ತೆಗೆದು ಯಂತ್ರ ಮಾಡಲು ಕಳಿಸಿದೆ.

ಯಂತ್ರ ಬರುವ ಮೊದಲೇ ಒಂದು ಮದುವೆ ರಿಸೆಪ್ಷನ್‌ಗೆ ಹೋಗಬೇಕಾಯಿತು. ನನ್ನ ಹಳೆಯ ರೋಗಿಯೊಬ್ಬರ ಮೊಮ್ಮಗಳ ಮದುವೆ. ವೇದಿಕೆಯಲ್ಲಿ ವಾಸಣ್ಣನ ಬ್ಯಾಂಡ್! ಅಷ್ಟು ವರ್ಷ ಅಂಗಡಿಯ ಸ್ಲ್ಯಾಬಿನ ಮೂಲಕ ಕೇಳಿದವರನ್ನು ಎದುರಿಗೆ ಕುಳಿತು ಕೇಳುವುದು ಅದೇ ಮೊದಲು. ಅವರು ತಮ್ಮ ಸ್ಪೀಕರ್ ಡಬ್ಬಕ್ಕೆ ಬೆನ್ನು ತಾಗಿಸಿ ನಿಂತಿದ್ದರು. ಬೇಸ್ ತುಂಬಿಕೊಂಡು ಬರುತ್ತಿತ್ತು. ಕಣ್ಣು ಮುಚ್ಚಿದೆ. ಗಾಜಿನ ಕಪಾಟು, ಬಾಪ್ಪ, ಮಡಚಿದ ಸೀರೆಯ ವಾಸನೆ ಎಲ್ಲ ನೆನಪಿಗೆ ಬಂತು. ಇಷ್ಟು ಕೆಟ್ಟ ಕಿವಿಯಲ್ಲಿ ಇಷ್ಟು ಶುದ್ಧವಾಗಿ ಬಾರಿಸುವುದು ಹೇಗೆ ಎಂದು ಬೆರಗಾಯಿತು.

ಕಣ್ಣು ತೆರೆದಾಗ ವಾಸಣ್ಣ ತಂತಿಯಿಂದ ಎರಡೂ ಕೈ ತೆಗೆದು ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಬೇಸ್ ನಿಲ್ಲಲಿಲ್ಲ. ಒಂದು ಸ್ವರವೂ ತಪ್ಪದೆ ನಡೆಯುತ್ತಲೇ ಇತ್ತು. ವೇದಿಕೆಯ ಇನ್ನೊಂದು ಮೂಲೆಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರ ಕಡೆ ನೋಡಿದೆ. ಅರ್ಧ ನೆರೆತ ತಲೆಯ ಆ ಮನುಷ್ಯನ ಬಲಗೈ ಹಾಡಿನ ಹಿಂದೆ ಇತ್ತು, ಎಡಗೈ ಎಡತುದಿಯ ತಗ್ಗು ಸ್ವರದ ಕೀಗಳ ಮೇಲೆ ಬೇಸ್ ನಡೆಸುತ್ತಿತ್ತು. ಅವರು ತಲೆ ಎತ್ತಿದರು. ನಾನು ಎಲ್ಲಿ ನೋಡುತ್ತಿದ್ದೇನೆಂದು ಅವರಿಗೆ ತಿಳಿಯಿತು.

ಸೋಮವಾರ ಆ ಕೀಬೋರ್ಡಿನವರೇ ಕ್ಲಿನಿಕ್ಕಿಗೆ ಬಂದರು. ಹೆಸರು ರೊನ್ನಿ. ಯಂತ್ರ ಬರಲಿದೆ ಎಂದು ಸುಜಾತಳಿಂದ ತಿಳಿದಿತ್ತಂತೆ. ಕುಳಿತವರು ನೇರ ವಿಷಯಕ್ಕೆ ಬಂದರು.

“ಮೇಡಂ, ಈ ಸೀಸನ್ ಮುಗಿಯುವ ತನಕ ವಾಸಣ್ಣನಿಗೆ ಮೆಷಿನ್ ಕೊಡ್ಬೇಡಿ.”

“ಯಾಕೆ?”

“ಕೇಳ್ಲಿಕ್ಕೆ ಶುರುವಾದ್ರೆ ಅವರಿಗೆ ಗೊತ್ತಾಗ್ತದೆ.”

ಎರಡು ವರ್ಷದಿಂದ ನಡೆಯುತ್ತಿದ್ದ ನಾಟಕ ಅದು. ವಾಸಣ್ಣ ಶ್ರುತಿ ತೋರಿಸುವ ಟ್ಯೂನರ್ ಮುಟ್ಟುವವರಲ್ಲ, ಕಿವಿಯಲ್ಲೇ ಶ್ರುತಿ ಮಾಡುವವರು. ಆ ಶ್ರುತಿ ಕೆಡತೊಡಗಿತು. ಒಂದು ಕಾರ್ಯಕ್ರಮದಲ್ಲಿ ಗಾಯಕಿ ಹಾಡು ಮಧ್ಯದಲ್ಲಿ ನಿಲ್ಲಿಸಿದಳು, ಜನ ನಕ್ಕರು. ತಪ್ಪು ಗಾಯಕಿಯದ್ದೆಂದು ವಾಸಣ್ಣ ಅವಳಿಗೇ ಬೈದರು. ಆಮೇಲೆ ರೊನ್ನಿ ಸೌಂಡಿನವನಿಗೆ ಹೇಳಿ ವಾಸಣ್ಣನ ಗಿಟಾರಿನ ಲೈನನ್ನು ಹಾಲ್‌ನ ಸ್ಪೀಕರಿನಿಂದ ತಪ್ಪಿಸಿದರು. ಅವರ ಬೇಸ್ ಅವರ ಬೆನ್ನ ಹಿಂದಿನ ಡಬ್ಬದಲ್ಲಿ ಮಾತ್ರ. ಹಾಲ್‌ಗೆ ಹೋಗುವುದು ರೊನ್ನಿಯ ಎಡಗೈ.

“ಬ್ಯಾಂಡಿಗೆ ನನ್ನನ್ನು ಕೈಹಿಡಿದು ತಂದದ್ದು ಅವರು. ‘ನಿಮ್ಗೆ ಆಗುದಿಲ್ಲ’ ಅಂತ ನಾನು ಯಾವ ಬಾಯಲ್ಲಿ ಹೇಳುದು?” ರೊನ್ನಿಯ ಕಣ್ಣು ತುಂಬಿತ್ತು.

ಸಿಟ್ಟು ಬಂತು. ವಯಸ್ಸಾದವರನ್ನು ಮಕ್ಕಳ ಹಾಗೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಮಾಡುವುದು ನನಗೆ ಹಿಡಿಸದು. ಆದರೂ ಆ ಮನುಷ್ಯ ಮಾಡಿದ್ದು ಪ್ರೀತಿಯಿಂದಲೇ ಎಂಬುದೂ ಕಾಣುತ್ತಿತ್ತು. ಬೇರೆ ದಾರಿ ಇರಲಿಲ್ಲವೆಂದಲ್ಲ. ಕಾಯಿಲೆ ಏರಿಳಿಯುತ್ತದೆ, ಕಿವಿ ಒಂದು ಹದಕ್ಕೆ ಬರಲಿ, ಕಾಯೋಣ ಎಂದು ನಾನು ಹೇಳಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ವೇದಿಕೆಯ ಮೇಲೆ ವಾಸಣ್ಣನ ಮುಖದಲ್ಲಿದ್ದ ಸುಖ ಇನ್ನೊಂದು ಸೀಸನ್ ಉಳಿಯುತ್ತಿತ್ತು. ಅದನ್ನು ಕಿತ್ತುಕೊಳ್ಳುವವಳು ನಾನೇ ಆಗಬೇಕೇ? ಆದರೆ ಅವರು ನನ್ನಲ್ಲಿ ಕೇಳಿದ್ದು ಒಂದೇ: ಬೇಸ್ ಕೇಳಿಸಬೇಕು. ಅದನ್ನು ಬೇಕೆಂದೇ ತಡೆದರೆ ನಾನೂ ಆ ನಾಟಕದಲ್ಲಿ ಒಂದು ಪಾತ್ರವಾಗುತ್ತಿದ್ದೆ.

“ಬುಧವಾರ ಫಿಟ್ಟಿಂಗ್. ಅಷ್ಟರೊಳಗೆ ನೀವೇ ಹೇಳಿ. ಹೇಳಲಿಕ್ಕೆ ಆಗದಿದ್ದರೆ ಅವತ್ತು ಜೊತೆಗೆ ಬನ್ನಿ,” ಎಂದೆ.

ಬುಧವಾರ ರೊನ್ನಿ ಬಂದರು. ಹೇಳಿರಲಿಲ್ಲ ಎಂದು ಮುಖವೇ ಹೇಳಿತು. ವಾಸಣ್ಣ ಗಿಟಾರ್ ತಂದಿದ್ದರು. ಸಂಗೀತಕ್ಕೆ ಬೇರೆ ಸೆಟ್ಟಿಂಗ್ ಮಾಡಬೇಕು, ತನ್ನಿ ಎಂದು ನಾನೇ ಹೇಳಿದ್ದೆ. ಯಂತ್ರ ಹಾಕಿ ಆನ್ ಮಾಡಿದಾಗ ಸುತ್ತ ನೋಡಿದರು. “ನಿಮ್ಮ ಏಸಿ ಇಷ್ಟು ಗುಂಯ್ ಅಂತದಾ?” ಎಂದು ಮಗುವಿನ ಹಾಗೆ ನಕ್ಕರು. ಸಣ್ಣ ಆಂಪ್ಲಿಫೈಯರಿಗೆ ಗಿಟಾರ್ ಜೋಡಿಸಿ, ಕಿವಿಯಲ್ಲೇ ಶ್ರುತಿ ಮಾಡಿ, ದಪ್ಪ ತಂತಿ ಮೀಟಿದರು.

“ಬಂತು,” ಎಂದು ನನ್ನ ಕಡೆ ತಿರುಗಿದರು. “ಬೇಸ್ ಬಂತು ಮಗಳೇ.”

ಆ ಕ್ಷಣ ಅಲ್ಲಿಗೇ ನಿಂತುಬಿಡಲಿ ಎಂದು ನನಗೆ ಆಸೆಯಾಯಿತು. ಮೇಜಿನ ಮೇಲೆ ಫೋನಿನಲ್ಲಿ ಟ್ಯೂನರ್ ತೆರೆದಿಟ್ಟಿದ್ದೆ. ಅದರ ಮುಳ್ಳು, ಶ್ರುತಿ ಸರಿಯಿದ್ದರೆ ನಿಲ್ಲಬೇಕಾದ ನಡುವಿನ ಗೆರೆಯಿಂದ ಬಹಳ ದೂರ ನಿಂತಿತ್ತು. ವಾಸಣ್ಣ ಅದನ್ನು ನೋಡಿದರು. ಮತ್ತೆ ಮೀಟಿದರು. ನಾಲ್ಕೂ ತಂತಿ ಮೀಟಿದರು. ಮುಳ್ಳು ಒಂದಕ್ಕೂ ನಡುವೆ ಬರಲಿಲ್ಲ. ಗಿಟಾರಿನ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಿದರು.

“ಸ್ಟೇಜಿನಲ್ಲೂ ಹೀಗೆಯಾ?” ಎಂದು ನನ್ನನ್ನು ಕೇಳಿದರು.

ರೊನ್ನಿ ನೆಲ ನೋಡುತ್ತಿದ್ದರು. ನೇರ ಕೇಳಿದ ರೋಗಿಗೆ ನೇರ ಉತ್ತರ ಕೊಡಬೇಕು.

“ಹಾಲ್‌ನಲ್ಲಿ ಕೇಳುವುದು ನಿಮ್ಮ ಬೇಸ್ ಅಲ್ಲ, ವಾಸಣ್ಣ,” ಎಂದೆ. ಮಿಕ್ಕದ್ದನ್ನು ರೊನ್ನಿ ಹೇಳಿದರು, ತಡವರಿಸುತ್ತಾ, ಪೂರ್ತಿಯಾಗಿ.

ವಾಸಣ್ಣ ಕೂಗಾಡಲಿಲ್ಲ. “ಎರಡು ವರ್ಷ ಜನ ಚಪ್ಪಾಳೆ ತಟ್ಟಿದ್ದು ನಿನ್ನ ಎಡಗೈಗಾ?” ಎಂದರು.

“ಅಣ್ಣಾ...”

“ನಾನು ತಲೆ ಬಗ್ಗಿಸಿ ನಮಸ್ಕಾರ ಮಾಡ್ತಿದ್ದೆನಲ್ಲ ರೊನ್ನಿ. ಅದನ್ನಾದ್ರೂ ಬೇಡ ಅನ್ಬಹುದಿತ್ತು.”

ಗಿಟಾರನ್ನು ಪೆಟ್ಟಿಗೆಯೊಳಗಿಟ್ಟು ಒಬ್ಬರೇ ಹೋದರು. ಆ ಸೀಸನ್‌ನಲ್ಲಿ ಅವರು ವೇದಿಕೆ ಹತ್ತಲಿಲ್ಲ, ಆಮೇಲೂ ಹತ್ತಲಿಲ್ಲ. ಅಪ್ಪ ಮನೆಯಲ್ಲಿ ಯಾರೊಂದಿಗೂ ಮಾತಾಡುತ್ತಿಲ್ಲ ಎಂದು ಸುಜಾತ ಫೋನ್ ಮಾಡಿದಾಗ ಆಕೆಯ ದನಿಯಲ್ಲಿ ಆಪಾದನೆಯಿತ್ತು. ನಾನು ಮಾಡಿದ್ದು ಸರಿ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಹಂಪನಕಟ್ಟೆಯಲ್ಲಿ ಆ ಹಳೆಯ ಕಟ್ಟಡ ದಾಟುವಾಗ ತಲೆ ಎತ್ತಿ ನೋಡಲು ಮನಸ್ಸಾಗುತ್ತಿರಲಿಲ್ಲ.

ತಿಂಗಳುಗಳ ನಂತರ ಯಂತ್ರದ ತಪಾಸಣೆಗೆ ಬಂದರು. ತೆಳ್ಳಗಾಗಿದ್ದರು. ಕೆಲಸ ಮುಗಿದ ಮೇಲೆ ತಡೆಯಲಾರದೆ ಕೇಳಿದೆ: “ನನ್ನ ಮೇಲೆ ಸಿಟ್ಟುಂಟಾ?”

“ನಿಮ್ಮ ಮೇಲೆ ಎಂತ ಸಿಟ್ಟು,” ಎಂದವರು ನನ್ನ ಮುಖ ನೋಡಿ, “ಉಂಟು, ಸ್ವಲ್ಪ ನಿಮ್ಮ ಮೇಲೂ ಉಂಟು,” ಎಂದರು. ಗಿಟಾರಿನ ತಂತಿ ಸಡಿಲಿಸಿ ಇಟ್ಟಿದ್ದಾರಂತೆ. ಆದರೆ ವಾರಕ್ಕೊಮ್ಮೆ ಪ್ರಾಕ್ಟೀಸ್ ಕೋಣೆಗೆ ಹೋಗಿ ಕೂರುತ್ತಾರಂತೆ. “ರೊನ್ನಿಯ ಎಡಗೈ ಅವಸರ ಮಾಡ್ತದೆ. ಈಗ ಅದು ಕೇಳ್ತದಲ್ಲ, ಸುಮ್ಮನೆ ಕೂತ್ಕೊಳ್ಳಿಕ್ಕೆ ಆಗುದಿಲ್ಲ. ಬೈತೇನೆ.”

“ರೊನ್ನಿ ಎಂತ ಹೇಳ್ತಾರೆ?”

“ಹೇಳುದೆಂತ? ಇನ್ನು ನನ್ನ ಹತ್ರ ಏನೂ ಮುಚ್ಚಿಡುದಿಲ್ಲ ಅಂತ ಹೇಳಿದ್ದಾನೆ. ನೋಡ್ಬೇಕು.”

ಕಿವಿ ಮಂದವಾದ ಪ್ರತಿಯೊಬ್ಬರ ಸುತ್ತ ಒಬ್ಬ ರೊನ್ನಿ ಇರುತ್ತಾನೆ ಎಂಬುದನ್ನು ಈ ಕೇಸ್ ನನಗೆ ಕಲಿಸಿತು. ಅತ್ತೆಯ ಫೋನಿಗೆ ತಾನೇ ಉತ್ತರಿಸುವ ಸೊಸೆ, ಅಂಗಡಿಯಲ್ಲಿ ಅಪ್ಪನಿಗಿಂತ ಮೊದಲು ಗಿರಾಕಿಗೆ ಉತ್ತರ ಕೊಡುವ ಮಗ. ಯಾರೂ ಕೆಟ್ಟವರಲ್ಲ. ಆದರೆ ನನ್ನ ಗ್ರಾಫಿನಲ್ಲಿ ಕಾಣುವುದು ಕಿವಿ ಮಾತ್ರ, ಇವರ ಎಡಗೈ ಕಾಣುವುದಿಲ್ಲ. ಅಂದಿನಿಂದ ಪರೀಕ್ಷೆ ಮುಗಿದ ಮೇಲೆ, ರೋಗಿಯ ಎದುರಿಗೇ, ಜೊತೆಗೆ ಬಂದವರಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ: “ಇವರಿಗೆ ಗೊತ್ತಾಗದ ಹಾಗೆ ನೀವು ಎಂತ ಮಾಡ್ತಾ ಇದ್ದೀರಿ?” ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅವರು ಬಾಯಿ ಬಿಡುವ ತನಕ ನಾನು ಯಂತ್ರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದಿಲ್ಲ.