ಅಪ್ಪ ನಿಂತು ನೋಡಿದ ಲ್ಯಾಪ್‌ಟಾಪ್

ಭದ್ರಾವತಿಯ ನಮ್ಮ ಕಾರ್ಖಾನೆ ಕ್ವಾರ್ಟರ್ಸ್ ಸಾಲಿನಲ್ಲಿ ಯಾರು ಏನು ತಂದರೂ ಮೊದಲು ಎತ್ತಿ ನೋಡುವುದು ರೂಢಿ. ಮಿಕ್ಸಿಯಾಗಲಿ, ಟೇಬಲ್ ಫ್ಯಾನಾಗಲಿ, ಕೈಯಲ್ಲಿ ತೂಗಿ "ಒಳ್ಳೇ ಭಾರ ಐತೆ" ಅಂದರೆ ಮುಗಿಯಿತು, ಅದು ಗಟ್ಟಿ ಮಾಲು. ಕಬ್ಬಿಣದ ಜೊತೆ ದುಡಿಯುವ ಗಂಡಸರಿಗೆಲ್ಲ ಈ ನಂಬಿಕೆ; ನನ್ನಪ್ಪನಿಗೆ ಒಂದು ತೂಕ ಹೆಚ್ಚೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಭದ್ರಾ ನದಿಯ ನೀರಿನ ಮೇಲೆ ಪ್ರಾಜೆಕ್ಟ್ ಮಾಡಲು ನಮ್ಮ ಮೇಡಂಗೆ ಒಬ್ಬ ವಿದ್ಯಾರ್ಥಿ ಬೇಕಿತ್ತು. ಹೊಳೆಹೊನ್ನೂರಿನವರೆಗೂ ದಂಡೆಯಲ್ಲಿ ಓಡಾಡಿ, ಅಳತೆಗಳನ್ನು ಅಲ್ಲಲ್ಲೇ ಕಂಪ್ಯೂಟರಿಗೆ ತುಂಬುವ ಕೆಲಸ. "ಸ್ವಂತ ಲ್ಯಾಪ್‌ಟಾಪ್ ಇದ್ರೆ ನಿನಗೇ ಕೊಡ್ತೀನಿ. ಸೋಮವಾರ ಹೇಳು" ಎಂದಿದ್ದರು. ಬೇರೆ ಯಾರಾದರೂ ಮೇಡಂ ಕೋಣೆಯತ್ತ ನಡೆದರೆ ಸಾಕು, ನಾನೂ ಏನೋ ನೆಪ ಮಾಡಿಕೊಂಡು ಹಿಂದೆಯೇ ಹೋಗುತ್ತಿದ್ದೆ. ಅಷ್ಟು ಬೇಕಿತ್ತು ನನಗೆ ಆ ಕೆಲಸ. ಮನೆಯಲ್ಲಿ ಮಾತ್ರ "ಓದೋಕೆ ಬೇಕು" ಎಂದಷ್ಟೇ ಹೇಳಿದ್ದೆ. ಹೊಳೆ ದಂಡೆ ಸುತ್ತುವ ಸುದ್ದಿ ಕೇಳಿದರೆ ಅಪ್ಪ ಬೇಡವೇ ಬೇಡ ಅನ್ನುತ್ತಾರೇನೋ ಎಂಬ ಭಯ.

ಶನಿವಾರ ಶಿವಮೊಗ್ಗದ ಅಂಗಡಿಯಲ್ಲಿ ಅಪ್ಪ ಪರದೆಗಳ ಕಡೆ ಕಣ್ಣೂ ಹಾಯಿಸಲಿಲ್ಲ. ಒಂದೊಂದನ್ನೇ ಎತ್ತಿ, ಇಳಿಸಿ, ಕೊನೆಗೆ ಎಲ್ಲಕ್ಕಿಂತ ದಪ್ಪನೆಯದನ್ನು ಎದೆಗವಚಿಕೊಂಡರು.

"ಇದು ನೋಡು ಮಾಲು! ಆ ಚಿಕ್ಕದೇನು, ಬರೀ ತಗಡು."

"ಅಪ್ಪಾ, ನಾನು ಹೋಗ್ತಿರೋದು ಓದೋಕೆ, ಕಬ್ಬಿಣ ಬಡಿಯೋಕಲ್ಲ."

ಅಂಗಡಿಯವರು ನಕ್ಕರು. ಅಪ್ಪ ನಗಲಿಲ್ಲ. "ಮೇಜಿನ ಮೇಲಿಟ್ಟು ಓದೋಕೆ ಭಾರ ಇದ್ರೇನು ಮಾರಾಯ್ತಿ?" ಎಂದರು.

ಉತ್ತರವೇನೋ ಇತ್ತು. ಹೇಳಿದರೆ ಗುಟ್ಟೆಲ್ಲ ಹೊರಬೀಳುತ್ತಿತ್ತು. ನನಗೆ ಸಿಟ್ಟು ಬೇಗ ಬರುತ್ತದೆ. ಅವತ್ತು ಅದೇ ಒಳ್ಳೆಯದಾಯಿತು. ಹೊಳೆ, ಮೇಡಂ, ಸೋಮವಾರ, ಶಂಕರಘಟ್ಟದ ಬಸ್ಸಿನಲ್ಲಿ ಸೀಟು ಸಿಕ್ಕಿದ ದಿನವೇ ಹಬ್ಬ ಎನ್ನುವುದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅಪ್ಪ ದಪ್ಪ ಲ್ಯಾಪ್‌ಟಾಪನ್ನು ನನ್ನ ಬ್ಯಾಗಿಗೆ ಹಾಕಿ, ಹೆಗಲಿಗೇರಿಸಿ, ಬಸ್ಸಿನ ಕಂಬಿ ಹಿಡಿದವರ ಹಾಗೆ ಒಂದು ಕೈ ಮೇಲೆತ್ತಿ ಅಂಗಡಿಯ ನಡುವೆ ನಿಂತುಬಿಟ್ಟರು. ಕಾರ್ಖಾನೆಯಲ್ಲಿ ಟ್ರಯಲ್ ನೋಡದೆ ಯಾವ ಮೆಷಿನ್ನನ್ನೂ ಒಪ್ಪಿಕೊಳ್ಳುವುದಿಲ್ಲವಂತೆ. ಗಿರಾಕಿಗಳು ಅವರನ್ನು ಬಳಸಿಕೊಂಡು ಓಡಾಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸುಮಾರು ಹೊತ್ತಾದ ಮೇಲೆ ಹೆಗಲು ನೀವಿಕೊಂಡು, ಚಿಕ್ಕದನ್ನು ಹಾಕಿಸಿಕೊಂಡು ಮತ್ತೆ ನಿಂತರು. ಈ ಸಲ ನಡೆದರು, ಬಗ್ಗಿದರು, ನೀರು ಮೊಗೆಯುವಂತೆ ಕೈಯನ್ನೂ ಚಾಚಿದರು.

"ಏನ್ ಯಜಮಾನ್ರೇ, ಇನ್ನೂ ಡೌಟಾ?" ಎಂದರು ಅಂಗಡಿಯವರು.

ಅಪ್ಪ ಬ್ಯಾಗನ್ನು ನನ್ನ ಹೆಗಲಿಗೆ ಹಾಕಿ, ಪಟ್ಟಿ ಎಳೆದು ಸರಿಮಾಡಿದರು.

"ಇದೇ ಕೊಡಿ ಸಾರ್. ಹೊಳೆ ದಂಡೇಲಿ ಕಲ್ಲು ಜಾರ್ತವೆ, ಭಾರ ಇದ್ರೆ ಹುಡುಗಿ ಬಿದ್ದುಬಿಡ್ತಾಳೆ."

ಆಮೇಲೆ ನನ್ನ ಕಡೆ ತಿರುಗಿ, "ಸೋಮವಾರದ ತಂಕ ಯಾಕೆ ಕಾಯ್ತೀಯ? ಈಗ್ಲೇ ಫೋನ್ ಮಾಡಿ ಹೇಳು. ಬೇರೆ ಯಾರಾದ್ರೂ ತಗೊಂಡ್ಬಿಟ್ಟಾರು" ಎಂದರು.