ಹೆಣ್ಣು ಕೇಳಲು ಹೋಗಿ ಹೊಳೆಗಿಳಿದದ್ದು

ನಮ್ಮೂರಿನ ಮೋಮಿನಪುರದ ಮೀನಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಕೆರೆಯಲ್ಲಿ ಸಾಕಿದ ದಪ್ಪ ಮೀನು. ಮೊನ್ನೆ ಮಾತ್ರ ಬುಟ್ಟಿಯ ಮೂಲೆಯಲ್ಲಿ ಬೆರಳುದ್ದದ ಹೊಳೆಮೀನು ಬಿದ್ದಿದ್ದವು. ಬಗ್ಗಿ ಮೂಸಿದೆ. ಹೌದು, ಮೂಸಿಯೇ ನೋಡಿದೆ. ಅಂಗಡಿಯವನು ನನ್ನನ್ನು ಒಂಥರಾ ನೋಡಿದ. ಪಾಚಿಗಟ್ಟಿದ ಕಲ್ಲಿನ ವಾಸನೆ. ಅದು ಮೂಗಿಗೆ ಬಡಿದರೆ ಇಂದಿಗೂ ನನ್ನ ಮೊಣಕಾಲು ನೋಯುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ನಾನು ನಿಂತಲ್ಲಿ ನಿಲ್ಲುವ, ಕೂತಲ್ಲಿ ಕೂರುವ ಪ್ರಾಣಿಯಲ್ಲ. ಕೂತರೆ ಕಾಲು ಅಲ್ಲಾಡುತ್ತದೆ, ನಿಂತರೆ ಕೈ ಏನನ್ನಾದರೂ ತಡಕಾಡುತ್ತದೆ. ಎಂಬತ್ತರ ದಶಕದಲ್ಲಿ, ಊರನ್ನು ಇನ್ನೂ ಗುಲಬರ್ಗಾ ಎನ್ನುತ್ತಿದ್ದಾಗ, ಬೇಳೆ ಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿನ ಯಂತ್ರಗಳೂ ನಾನೂ ಒಟ್ಟಿಗೆ ನಡುಗುತ್ತಿದ್ದುದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗುತ್ತಿದ್ದದ್ದು ಹೆಣ್ಣು ನೋಡಲು ಹೋದಾಗ. ಒಂದು ಮನೆಯಲ್ಲಿ ಚಹಾದ ಬಸಿ ನನ್ನ ಕೈಯಲ್ಲಿ ಕುಣಿದು ಕುಣಿದು ಹುಡುಗಿಯ ಅಜ್ಜಿಯ ತೊಡೆಗೆ ಹಾರಿತು. ಇನ್ನೊಂದು ಕಡೆಯಿಂದ ‘ಹುಡುಗಗ ನರದ ಬ್ಯಾನಿ ಅದ’ ಎಂದು ಹೇಳಿಕಳಿಸಿದರು.

ಹೀಗಿರುವಾಗ ಕಮಲಾಪುರದಲ್ಲಿ ಸುಭದ್ರೆಯನ್ನು ನೋಡಿದೆ. ನೋಡಿದೆ ಎಂದರೆ, ಅವಲಕ್ಕಿಯ ತಟ್ಟೆ ಇಟ್ಟು ಒಳಗೆ ಹೋಗುವಷ್ಟು ಹೊತ್ತು. ನನಗೆ ಅಷ್ಟು ಸಾಕಾಯಿತು. ಇವಳು ತಪ್ಪಿದರೆ ಇನ್ನು ಯಾರ ಮನೆಯ ಚಹಾವೂ ಬೇಡ ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಆದರೆ ಅವಳ ಅಪ್ಪ ಭೀಮಶಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ತಲೆಗೆ ಸುತ್ತಿದ ಬಿಳಿ ಪಟಗ ಸರಿಮಾಡಿಕೊಂಡು, ‘ಐತವಾರ ಮುಂಜಾನಿ ಬರ್ರಿ, ಹೊಳೀಗಿ ಹೋಗೋಣ’ ಎಂದರು. ಅಳಿಯನಾಗುವವನನ್ನು ಒಮ್ಮೆ ಮೀನು ಹಿಡಿಯಲು ಕರೆದೊಯ್ದು ನೋಡುವುದು ಅವರ ಮನೆಯ ರೂಢಿಯಂತೆ. ಹಿರಿಯ ಅಳಿಯ ನೀರಿನಲ್ಲಿ ಕಂಬದ ಹಾಗೆ ನಿಂತು ಪಾಸಾಗಿದ್ದನಂತೆ. ಈ ಸಂಬಂಧ ತಂದಿದ್ದ ಮಧ್ಯಸ್ಥ ಇದನ್ನು ತಿಳಿಸಿದ ಮೇಲೆ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಕಲ್ಲುಹಾಸಿನ ಮೇಲೆ ಮೊಣಕಾಲುದ್ದ ಹರಿಯುವ ನೀರು ಬಲು ಮೋಸದ್ದು. ಅಲ್ಲಿ ನಿಮಗೆ ಮೀನು ಕಾಣುವ ಮೊದಲು ಮೀನಿಗೆ ನೀವು ಕಾಣುತ್ತೀರಿ. ನೀರು ಬರುವ ದಿಕ್ಕಿಗೆ ಮುಖ ಮಾಡಿ ಏರಬೇಕು, ಆಗ ಕಾಲು ಕದಡಿದ ರಾಡಿ ಹಿಂದಕ್ಕೆ ಹೋಗುತ್ತದೆ. ಹೆಜ್ಜೆ ಎತ್ತಬಾರದು, ಜಾರಿಸಬೇಕು. ಗಾಳಕ್ಕೆ ಭಾರ ಕಟ್ಟಿದರೆ ಕಲ್ಲಿನ ಸಂದು ಅದನ್ನು ನುಂಗಿಬಿಡುತ್ತದೆ. ಹಾಗಾಗಿ ಬರೀ ಹಿಟ್ಟಿನ ಉಂಡೆ ಸಿಕ್ಕಿಸಿ ನೀರಿನ ಜೊತೆ ತೇಲಬಿಟ್ಟು ಕಾಯಬೇಕು. ಭೀಮಶಾ ಇದನ್ನೆಲ್ಲ ಹೇಳಲಿಲ್ಲ, ಮಾಡಿ ತೋರಿಸಿದರು. ನನ್ನನ್ನು ಮುಂದೆ ನಿಲ್ಲಿಸಿ, ತಾವು ಸ್ವಲ್ಪ ಹಿಂದೆ ನಿಂತರು. ಆಡಿದ್ದು ಒಂದೇ ಮಾತು: ‘ಸುಮ್ಮ ನಿಂದರ್ರಿ.’

ನಿಂತೆ. ದೇವರಾಣೆ ನಿಂತೆ. ಆದರೆ ನಾನು ಹಲ್ಲು ಕಚ್ಚಿ ನಿಂತರೂ ನನ್ನ ಕಾಲು ತಂತಾನೇ ತಾಳ ಹಾಕತೊಡಗಿತು. ನೀರು ಕದಡಿ, ರಾಡಿ ಹಿಂದೆ ಹರಿದು, ಭೀಮಶಾರ ಸುತ್ತಲಿನ ಮೀನೆಲ್ಲ ಚದುರಿದವು. ಅವರು ಏನೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಜಾಗ ಬದಲಿಸೋಣವೆಂದು ಗಾಳ ಎಳೆದರೆ ಅದು ಕಲ್ಲಿಗೆ ಸಿಕ್ಕಿತ್ತು. ಜೋರಾಗಿ ಜಗ್ಗಿದೆ. ಬಿಡಿಸಿಕೊಂಡ ಗಾಳ ನನ್ನ ತಲೆಯ ಮೇಲಿಂದ ಹಾರಿ ಹಿಂದೆ ಭೀಮಶಾರ ಪಟಗಕ್ಕೆ ಕಚ್ಚಿತು. ನಾನು ಮಹಾ ಬುದ್ಧಿವಂತ, ತಿರುಗಿ ನೋಡದೆ ಇನ್ನೊಮ್ಮೆ ಜಗ್ಗಿದೆ. ದಾರ ಹರಿಯಿತು, ಪಟಗ ಹೊಳೆಗೆ ಬಿತ್ತು.

ನಮ್ಮ ಕಡೆ ಹಿರಿಯರ ಪಟಗ ಬೀಳಿಸುವುದೆಂದರೆ ಏನೆಂದು ನಿಮಗೆ ಗೊತ್ತಿದ್ದೀತು. ಹೊಡೆದಾಟದಲ್ಲೂ ಕೈ ಅಲ್ಲಿಗೆ ಹೋಗುವುದಿಲ್ಲ. ಮಗಳನ್ನು ಕೇಳಲು ಬಂದವನು ನಾನು, ಅಪ್ಪನ ಮರ್ಯಾದೆಯನ್ನು ನೀರಿಗೆ ಹಾಕಿದ್ದೆ. ಸುರುಳಿ ಬಿಚ್ಚಿಕೊಳ್ಳುತ್ತ ಅದು ಹೊರಟಿತು. ಹಿಂದೆಯೇ ಓಡಿದೆ, ಬಿದ್ದೆ, ಮೊಣಕಾಲು ಒಡೆಯಿತು, ಎದ್ದೆ, ಮತ್ತೆ ಬಿದ್ದೆ. ಕೊನೆಗೆ ಎರಡು ಬಂಡೆಗಳ ನಡುವೆ ಅದರ ತುದಿ ಹಿಡಿದು ಕೂತಾಗ ಭೀಮಶಾ ಬರಿತಲೆಯಲ್ಲಿ ನಿಂತು ಒದರುತ್ತಿದ್ದರು. ‘ರೀ’ ಎಲ್ಲ ಹೋಗಿತ್ತು. ‘ಮನಶ್ಯಾ ಅದಿಯೋ, ಎಮ್ಮಿ ಅದಿಯೋ! ಹೊಳಿ ಪೂರಾ ಕಲಕಿ ಇಟ್ಟಿಯಲ್ಲೋ!’

ಪಟಗ ಹಿಂಡಿ ಕೊಟ್ಟು, ತಲೆ ತಗ್ಗಿಸಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಳು ಬಂತು. ಆದರೆ ಕೆಲವೇ ದಿನಗಳಲ್ಲಿ ಕಮಲಾಪುರದಿಂದ ಒಪ್ಪಿಗೆಯ ಸುದ್ದಿ ಬಂತು!

ಮದುವೆಯಾದ ಮೇಲೂ ಕಾರಣ ಕೇಳುವ ಧೈರ್ಯವಾಗಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಿಸಿಬಿಡುತ್ತಾರೋ ಎಂಬ ಅಳುಕು. ನಾನೇ ಒಂದು ಕಾರಣ ಕಟ್ಟಿಕೊಂಡೆ: ರಕ್ತ ಸೋರಿದರೂ ಪಟಗ ಬಿಡಲಿಲ್ಲವಲ್ಲ, ಅದಕ್ಕೇ ಮೆಚ್ಚಿದರು. ನೆಂಟರ ಮುಂದೆಲ್ಲ ಹಾಗೇ ಹೇಳಿಕೊಂಡು ಬಂದೆ. ಮಾವ ತೀರಿಕೊಂಡು ಬಹಳ ವರ್ಷವಾಯಿತು, ನಾನು ಹೇಳುವುದು ನಿಂತಿರಲಿಲ್ಲ.

ಮೊನ್ನೆ ಮೀನು ತಂದುಕೊಟ್ಟು, ಅವನ್ನು ತೊಳೆಯುತ್ತಿದ್ದ ಸುಭದ್ರೆಯ ಮುಂದೆ ಅದೇ ಕತೆ ತೆಗೆದೆ. ಅವಳು ತಲೆ ಎತ್ತಲಿಲ್ಲ.

‘ಅಪ್ಪ ಎಲ್ಲಿ ಹೂಂ ಅಂದಿದ್ದ? ಬ್ಯಾಡ ಅಂದಿದ್ದ. ಹೂಂ ಅಂದಾಕಿ ನಾನು.’

‘ನೀನಾ? ಯಾಕ?’

‘ನಮ್ಮನ್ಯಾಗ ಮಾತೇ ಇದ್ದಿದ್ದಿಲ್ಲರಿ. ಅಪ್ಪ ಹೊಳ್ಯಾಗ ಹ್ಯಾಂಗೋ ಮನ್ಯಾಗೂ ಹಂಗೇ. ಅವ್ವ ಗ್ವಾಡಿ ಜೋಡಿ ಮಾತಾಡ್ತಿದ್ಲು. ಅವತ್ತ ಅಪ್ಪ ಬರೇ ತಲೀಲೆ ಒದರಕೋತ ಮನಿಗಿ ಬಂದ. ಅವನ ಅಷ್ಟ ದೊಡ್ಡ ದನಿ ನಾ ಹುಟ್ಟಿದಾಗಿಂದ ಕೇಳಿದ್ದಿಲ್ಲ. ಅಪ್ಪನ ಬಾಯಿ ತೆಗಿಸಿದ ಮನಶ್ಯಾನೇ ನನಗಿರ್ಲಿ ಅಂತ ಹಟ ಹಿಡದೆ.’

ನಾನು ಕೇಳಿದೆ, ‘ಹಂಗಾರ ಮಾವಗ ನಾ ಕಡೀತನಕ ಸೇರಿದ್ದಿಲ್ಲೇನು?’

‘ಇಲ್ಲ’ ಎಂದಳು. ಮೀನು ತೊಳೆದ ನೀರು ಚೆಲ್ಲಿ ಬಂದು ಮತ್ತೆ ಹೇಳಿದಳು: ‘ಆದ್ರ ಮದುವಿ ಆದಮ್ಯಾಗ ನೀವು ಬರೋ ದಿನ ಮುಂಜಾನಿಂದ ಅಪ್ಪಗ ಕುಂದ್ರಾಕ ಆಗ್ತಿದ್ದಿಲ್ಲ. ಬಸ್ ಸ್ಟ್ಯಾಂಡಿಗಿ ಹೋಗೂದು, ಬರೂದು, ಮತ್ತ ಹೋಗೂದು. ಒಂದ್ ಕಡಿ ಕುಂದರ್ರಿ ಅಂತ ಅವ್ವ ಬೈತಿದ್ಲು.’

ಕಮಲಾಪುರದಲ್ಲಿ ಬಸ್ಸಿಳಿದಾಗಲೆಲ್ಲ ಮಾವ ಪಾನ್ ಅಂಗಡಿಯ ಮುಂದೆ ನನಗೆ ಬೆನ್ನು ಮಾಡಿ ನಿಂತಿರುತ್ತಿದ್ದರು. ಎಲೆ ಅಡಿಕೆಗೆ ಬಂದಿದ್ದಾರೆ ಎಂದುಕೊಂಡು, ಅವರ ಕಣ್ಣಿಗೆ ಬೀಳದಂತೆ ನಾನು ಇನ್ನೊಂದು ಓಣಿಯಿಂದ ಮನೆಗೆ ಹೋಗುತ್ತಿದ್ದೆ.